ಹಲ್ಲಿನ ರಾಳವೂ ನೂಲಿನ ಬಾಲವೂ

ನನ್ನ ಬಾಯಲ್ಲಿ ಮೂರು ಊರುಗಳಿವೆ. ಕೆಳಗಿನ ಎಡ ದವಡೆಯಲ್ಲಿ ಜಮಖಂಡಿ, ಬಲ ದವಡೆಯಲ್ಲಿ ಮುಧೋಳ, ಮೇಲಿನ ಕೋರೆಹಲ್ಲಿನ ಬುಡದಲ್ಲಿ ನಮ್ಮದೇ ಬನಹಟ್ಟಿ. ಮೂರು ಊರಿನ ಮೂರು ದಂತವೈದ್ಯರು ಮೂರು ಬಗೆಯ ರಾಳವನ್ನು ಅಲ್ಲಲ್ಲಿ ತುಂಬಿದ್ದಾರೆ. ಹುಳುಕು ಹಲ್ಲಿಗೆ ಹಾಕುವ ಇದಕ್ಕೆ ನಮ್ಮ ಮಂದಿ ಸಿಮೆಂಟ್ ಎನ್ನುತ್ತಾರೆ, ಡಾಕ್ಟರು ರೆಸಿನ್ ಎನ್ನುತ್ತಾರೆ, ಕನ್ನಡದಲ್ಲಿ ರಾಳ ಎಂದರೆ ಇಬ್ಬರೂ ನನ್ನ ಮುಖ ನೋಡುತ್ತಾರೆ. ಮೂರು ಹಲ್ಲಿಗೆ ಮೂರೂರು ಯಾಕೆ ತಿರುಗಿದಿರಿ ಎಂದು ನೀವು ಕೇಳಿದರೆ ಉತ್ತರ ನಾನು ಕೊಡಬೇಕಾಗಿಲ್ಲ. ನನ್ನ ಹೆಂಡತಿ ಗೌರವ್ವ ಒಳಗಿನಿಂದಲೇ ಹೇಳುತ್ತಾಳೆ, "ಒಂದ ಕಡೆ ಸಮಾಧಾನ ಆಗೂ ಜೀವ ಅಲ್ಲರಿ ಅದು."

ಅದರಲ್ಲಿ ಸುಳ್ಳೇನಿಲ್ಲ. ಆದರೆ ನನ್ನ ಉದ್ಯೋಗವೇ ಅಂಥದ್ದಾಗಿತ್ತು. ಮೂವತ್ತೆರಡು ವರ್ಷ ರಬಕವಿಯ ಒಬ್ಬ ಸೀರೆ ವ್ಯಾಪಾರಿಯ ಅಂಗಡಿಯಲ್ಲಿ ಮಾಲು ಪಾಸು ಮಾಡುವವನಾಗಿದ್ದೆ. ನೇಕಾರರು ತಂದ ಸೀರೆಯನ್ನು ಹೊಸ್ತಿಲ ಬಳಿ ಹಗಲ ಬೆಳಕಿಗೆ ಹಿಡಿಯುವುದು, ಎಳೆ ತಪ್ಪಿದೆಯೇ, ಬಣ್ಣದಲ್ಲಿ ಪಟ್ಟೆ ಬಿದ್ದಿದೆಯೇ, ಅಂಚು ಸೊಟ್ಟಗಾಗಿದೆಯೇ ನೋಡುವುದು, ನೆಟ್ಟಗಿದ್ದರೆ ಪಾಸು, ಇಲ್ಲದಿದ್ದರೆ ವಾಪಸು. ತಪ್ಪು ಹುಡುಕುವುದಕ್ಕೆ ಸಂಬಳ ಕೊಡುವ ಕೆಲಸ ಲೋಕದಲ್ಲಿ ಕಡಿಮೆ. ಹೆಚ್ಚಿನವರು ಅದನ್ನು ಪುಕ್ಕಟೆಯಾಗಿ ಮಾಡುತ್ತಾರೆ.

ನೇಕಾರರ ಓಣಿಗಳಲ್ಲಿ ನನಗೆ ಹೆಸರು ಬಂದದ್ದು ಒಂದು ಕಟ್ಟಳೆಯಿಂದ. ಮಗ್ಗದ ಮೇಲೆ ಎಳೆ ಹರಿದರೆ ಎರಡು ತುದಿ ಕೂಡಿಸಿ ಗಂಟು ಹಾಕುತ್ತಾರಲ್ಲ, ಆ ಗಂಟಿನಿಂದ ಹೊರಗೆ ಚಾಚುವ ನೂಲಿನ ಬಾಲ ಎಳ್ಳುಕಾಳಿಗಿಂತ ಉದ್ದ ಇರಕೂಡದು. ಇದ್ದರೆ ಸೀರೆ ವಾಪಸು. ನಮ್ಮ ಮನೆಯಲ್ಲೂ ಎರಡು ಪವರ್‌ಲೂಮ್ ಇವೆ, ನೋಡಿಕೊಳ್ಳುವವಳು ಗೌರವ್ವ. ಅವಳು ನೇಯ್ದ ಸೀರೆಗಳೂ ಅದೇ ಹೊಸ್ತಿಲಿಗೆ ಬರುತ್ತಿದ್ದವು, ಬಾಲ ಕಂಡರೆ ಅವೂ ವಾಪಸಾಗುತ್ತಿದ್ದವು. ಬೆಳಿಗ್ಗೆ ಅವಳು ಕಟ್ಟಿಕೊಟ್ಟ ರೊಟ್ಟಿ ತಿಂದು ಮಧ್ಯಾಹ್ನ ಅವಳ ಸೀರೆ ತಿರುಗಿ ಕಳಿಸಿದ ದಿನಗಳಿವೆ. ಆಗ ಇದು ನನಗೆ ದೊಡ್ಡ ನ್ಯಾಯದಂತೆ ಕಾಣುತ್ತಿತ್ತು, ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಲೂ ಇದ್ದೆ.

ಎರಡು ವರ್ಷದ ಹಿಂದೆ ಕೆಲಸ ಬಿಟ್ಟೆ. ಕಣ್ಣು ಬಿಡಲಿಲ್ಲ. ರೊಟ್ಟಿಯ ಅಂಚು, ಹಾಲಿನ ಕೆನೆ, ಗೋಡೆಯ ಸುಣ್ಣ, ಪೇಪರಿನವನು ಪೇಪರು ಮಡಚಿದ ರೀತಿ, ಎಲ್ಲವೂ ಹೊಸ್ತಿಲಿಗೆ ಬಂದ ಮಾಲಿನ ಹಾಗೆಯೇ ಕಾಣತೊಡಗಿತು. ಮನೆಯವರು ರೋಸಿಹೋದರು. ದೇವರಿಗೇ ಇವರ ಮೇಲೆ ಕನಿಕರ ಬಂದು ನನಗೊಂದು ಹಲ್ಲುನೋವು ಕೊಟ್ಟನೆಂದು ತೋರುತ್ತದೆ. ಅಲ್ಲಿಂದ ನನ್ನ ತಪಾಸಣೆಯೆಲ್ಲ ನನ್ನ ಬಾಯೊಳಗೇ ನಡೆಯಿತು.

ಮೊದಲು ಹೋದದ್ದು ಜಮಖಂಡಿಗೆ. ಅಲ್ಲಿಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೈ ಮೆತ್ತಗೆ, ಮಾತು ಕಡಿಮೆ. ಹುಳುಕು ತೆಗೆದು ರಾಳ ತುಂಬುವಾಗ ಒಂದೇ ಸಲಕ್ಕೆ ಮುಗಿಸಲಿಲ್ಲ. ಚೂರು ತುಂಬುವುದು, ನೀಲಿ ಬೆಳಕಿನ ಕಡ್ಡಿ ಹಿಡಿಯುವುದು, ಮತ್ತೆ ಚೂರು, ಮತ್ತೆ ಬೆಳಕು. ನನಗೆ ಬಾಯಿ ತೆರೆದು ತೆರೆದು ದವಡೆಯ ಕೀಲು ಸಡಿಲಾಯಿತು. ಯಾಕವ್ವಾ ಈ ಶಿಕ್ಷೆ ಎಂದು ಆಮೇಲೆ ಕೇಳಿದೆ. ಈ ರಾಳ ಬೆಳಕು ಬಿದ್ದರೆ ಗಟ್ಟಿಯಾಗುತ್ತದಂತೆ, ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದಂತೆ. ಒಮ್ಮೆಗೇ ತುಂಬಿದರೆ ಕುಗ್ಗಿ ಹಲ್ಲಿನ ಗೋಡೆಯಿಂದ ಬಿಟ್ಟುಕೊಂಡು ಸಂದಿ ಬೀಳುತ್ತದೆ, ಅದಕ್ಕೆ ಪದರ ಪದರ. ಮೊದಲ ಒಗೆತಕ್ಕೆ ಬಟ್ಟೆ ಗಿಡ್ಡಾಗುವುದನ್ನು ಜೀವಮಾನವೆಲ್ಲ ನೋಡಿದ ನನಗೆ ಇದು ತಟ್ಟನೆ ತಿಳಿಯಿತು. ತಿಳಿದದ್ದೇ ತಪ್ಪಾಯಿತು. ಅಂದಿನಿಂದ ನಾನು ಹಲ್ಲಿನ ರಾಳದಲ್ಲಿ ಪಂಡಿತನಾದೆ.

ಪಾಂಡಿತ್ಯ ಬಂದಮೇಲೆ ಎರಡನೆಯ ಹಲ್ಲನ್ನು ಅದೇ ಡಾಕ್ಟರಿಗೆ ತೋರಿಸುವುದು ಹೇಗೆ? ಹೋಲಿಸಿ ನೋಡಲು ಇನ್ನೊಂದು ಮಾಲು ಬೇಡವೇ? ಮುಧೋಳಕ್ಕೆ ಹೋದೆ. ಅಲ್ಲಿಯ ಡಾಕ್ಟರು ನನ್ನ ಓರಗೆಯವರು, ಬಾಯಲ್ಲಿ ಕೈ ಹಾಕಿ ಪ್ರಶ್ನೆ ಕೇಳುವ ಪಂಗಡ. ಅವರು ತುಂಬಿದ್ದು ಬೇರೆ ಜಾತಿಯ ರಾಳ. ಆಳದ ಗುಂಡಿಗೂ ಒಂದೇ ಪಟ್ಟಿಗೆ ತುಂಬಬಹುದು, ಬೆಳಕು ತಳದ ತನಕ ಇಳಿಯಲೆಂದು ಅದನ್ನು ಸ್ವಲ್ಪ ಪಾರದರ್ಶಕ ಮಾಡಿರುತ್ತಾರೆ. ಕೆಲಸ ಬೇಗ ಆಯಿತು, ಆದರೆ ಬಣ್ಣ ಚೂರು ಬೂದಿ ಬೂದಿ. ಅದನ್ನು ಹೇಳಿದೆ. ಅವರು ನಕ್ಕು, "ಒಳಗಿನ ಹಲ್ಲು ನೋಡಾಕ ಯಾರ ಬರ್ತಾರ್ರಿ?" ಎಂದರು. ನಾನು ಬರುತ್ತೇನಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಲ್ಲೇ ಹತ್ತಿರದ ತಿಮ್ಮಾಪುರದಲ್ಲಿ ಸಾಕುವ ಮುಧೋಳ ತಳಿಯ ಬೇಟೆನಾಯಿಗಳ ಹಲ್ಲು ಎಷ್ಟು ಚೊಕ್ಕ ಇರುತ್ತವೆ ಎಂಬುದನ್ನು ಅವರು ಬಹಳ ಹೊತ್ತು ಬಣ್ಣಿಸಿದರು. ಆ ನಾಯಿಗಳು ಸಮೀರವಾಡಿಯ ಸಕ್ಕರೆ ತಿನ್ನುವುದಿಲ್ಲ, ದಿನಕ್ಕೆ ಎಂಟು ಕಪ್ಪು ಚಹಾ ಕುಡಿಯುವುದಿಲ್ಲ. ಸಕ್ಕರೆ ಕಾರ್ಖಾನೆಯ ಹೊಗೆ ಕಾಣುವಷ್ಟು ದೂರದಲ್ಲಿ ಹುಟ್ಟಿದ ಮನುಷ್ಯನಿಗೆ ನಾಯಿಯ ಹಲ್ಲನ್ನು ತೋರಿಸಿ ನಾಚಿಸುವುದು ನ್ಯಾಯವಲ್ಲ.

ಮೂರನೆಯದು ಬನಹಟ್ಟಿಯಲ್ಲೇ ಆಯಿತು. ಹಲ್ಲನ್ನು ಒರಟು ಬ್ರಶ್ಶಿನಿಂದ ಅಡ್ಡಡ್ಡ ತಿಕ್ಕಿ ತಿಕ್ಕಿ ಕೋರೆಹಲ್ಲಿನ ಬುಡ ಸವೆದಿತ್ತು. ಸ್ವಚ್ಛತೆಯಲ್ಲೂ ನಾನು ಕಟ್ಟುನಿಟ್ಟು ನೋಡಿ. ಒಸಡಿನ ಹತ್ತಿರ ಜೊಲ್ಲಿನ ಪಸೆ ಜಾಸ್ತಿ, ಅಲ್ಲಿ ಬರೀ ರಾಳ ಹಿಡಿಯುವುದು ಕಷ್ಟ ಎಂದು ಆ ಡಾಕ್ಟರು ರಾಳವೂ ಗಾಜಿನ ಪುಡಿಯ ಸಿಮೆಂಟೂ ಕೂಡಿದ ಮಿಶ್ರಣ ಹಚ್ಚಿದರು. ಪಸೆ ತಾಳಿಕೊಳ್ಳುತ್ತದೆ, ಆದರೆ ಬರಬರುತ್ತ ಮೇಲ್ಮೈ ತರಿತರಿಯಾಗುತ್ತದೆ. ಹೀಗೆ ಒಂದೇ ಬಾಯಲ್ಲಿ ಮೂರು ಮಾಲು ಸೇರಿದವು. ಇಷ್ಟು ಅನುಕೂಲ ಯಾವ ಪಂಡಿತನಿಗೆ ಸಿಕ್ಕೀತು?

ಪರೀಕ್ಷೆಗಳನ್ನು ನಾನೇ ಕಂಡುಹಿಡಿದೆ. ಹಲ್ಲಿನ ಸಂದಿಯಲ್ಲಿ ಮಗ್ಗದ ರೇಶಿಮೆ ಎಳೆ ಹಾಯಿಸಿದರೆ ಎಲ್ಲೂ ತೊಡರದೆ ಬರಬೇಕು. ಕಡಲೆಹಿಟ್ಟಿನ ಜುಣಕದ ಅರಿಸಿನಕ್ಕೆ ಬಣ್ಣ ಏರಕೂಡದು. ಕಟಕ ರೊಟ್ಟಿ ಕಡಿದರೆ ಅಂಚು ಮುಕ್ಕಾಗಬಾರದು. ಚಹಾದ ಬೆನ್ನಿಗೆ ತಣ್ಣೀರು ಕುಡಿದರೆ ಜುಮ್ಮೆನ್ನಬಾರದು. ಮಿಕ್ಕ ಹೊತ್ತಿನಲ್ಲಿ ನಾಲಿಗೆಯ ತುದಿಯಿಂದ ಮೂರನ್ನೂ ಸವರುತ್ತ ಕೂರುತ್ತಿದ್ದೆ. ದೂರದಿಂದ ನೋಡಿದವರು ನಾನು ಎಲೆ ಅಡಿಕೆ ಹಾಕಿಕೊಂಡಿದ್ದೇನೆ ಎಂದುಕೊಳ್ಳುತ್ತಿದ್ದರು. ಆರು ತಿಂಗಳ ಮೇಲೆ ನನ್ನ ತೀರ್ಪು ಹೀಗಿತ್ತು. ಜಮಖಂಡಿಯದು ನುಣುಪು, ಆದರೆ ಅಂಚಿನಲ್ಲಿ ಚಹಾದ ಗೆರೆ. ಮುಧೋಳದ್ದು ಗಟ್ಟಿ, ಬಣ್ಣ ಮಂಕು. ಬನಹಟ್ಟಿಯದು ಬಿಗಿಯಾಗಿ ಕೂತಿದೆ, ಆದರೆ ತರಿ. ಮೂರೂ ವಾಪಸು. ಈ ತೀರ್ಪಿನಿಂದ ಯಾವ ಡಾಕ್ಟರ ನಿದ್ದೆಯೂ ಕೆಡಲಿಲ್ಲ.

ಸ್ವಂತ ಬಾಯಿ ಸಾಲದಾಯಿತು. ಮದುವೆ, ಸೀಮಂತಗಳಲ್ಲಿ ಯಾರಾದರೂ ಹಲ್ಲು ತುಂಬಿಸಿಕೊಂಡ ಸುದ್ದಿ ಸಿಕ್ಕರೆ ಪಕ್ಕಕ್ಕೆ ಕರೆದು, ಎಲ್ಲಿ ಚೂರು ಬಾಯಿ ತೆರೆ ನೋಡೋಣ ಎನ್ನುತ್ತಿದ್ದೆ. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎನ್ನುತ್ತಾರೆ. ನಾನು ಬೀಗರ ಹಲ್ಲೇ ಎಣಿಸಿದೆ. ದನದ ಸಂತೆಯಲ್ಲಿ ಎತ್ತಿನ ಬಾಯಿ ತೆರೆಸಿ ಎಷ್ಟು ಹಲ್ಲು ಹಚ್ಚಿದೆ ಎಂದು ನೋಡುವವರು ಕೂಡ ಎತ್ತಿನ ಒಡೆಯನನ್ನು ಒಂದು ಮಾತು ಕೇಳುತ್ತಾರೆ. ಈ ಸಂಶೋಧನೆಯಲ್ಲಿ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ನಮ್ಮ ರಬಕವಿ ಬನಹಟ್ಟಿಯ ಎಷ್ಟೋ ಹೆಂಗಸರಿಗೆ ಮೇಲಿನ ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ, ಅಕ್ಕಿಕಾಳು ಕೂರುವಷ್ಟು. ಇದು ಕಬ್ಬು ಸಿಗಿದು ತಿನ್ನುವುದರಿಂದ ಆದದ್ದು ಎಂದು ನಾನು ತೀರ್ಮಾನಿಸಿದೆ. ಕಬ್ಬನ್ನು ಗಂಡಸರೂ ಸಿಗಿಯುತ್ತಾರಲ್ಲ, ಅವರಿಗೆ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಪಂಡಿತನಾದವನಿಗೆ ಕೇಳುವವರಿಲ್ಲದಿರುವುದು ಬಹಳ ಕೆಟ್ಟದ್ದು.

ಹೋದ ವರ್ಷ ಮಗಳು ಮಹಾಲಿಂಗಪುರದಿಂದ ನಾಲ್ಕು ದಿನಕ್ಕೆಂದು ಬಂದಿದ್ದಳು. ಹೊರಡುವ ದಿನ ಚಪ್ಪಲಿ ಮೆಟ್ಟುತ್ತ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು, "ಅಪ್ಪಾ, ಅವ್ವ ನಗೂದ ಬಿಟ್ಟಾಳ. ಊರ ಮಂದಿ ಬಾಯಿ ನೋಡ್ತಿ, ನಿನ್ನ ಕಣ್ಣಿಗೆ ಅದೊಂದು ಬಿದ್ದಿಲ್ಲೇನು?"

ಬಿದ್ದಿರಲಿಲ್ಲ. ಗೌರವ್ವನ ನಗೆ ನಮ್ಮ ಓಣಿಗೆಲ್ಲ ಗೊತ್ತು. ಎರಡು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಆ ಸದ್ದಿನ ಮೇಲೆ ಕೇಳಿಸುತ್ತಿತ್ತು. ಮದುವೆಯಾದ ಹೊಸತರಲ್ಲಿ ನನಗೆ ಅದು ಸಂಕೋಚ, ಆಮೇಲೆ ರೂಢಿ, ಆಮೇಲೆ ಮನೆಯ ಗಡಿಯಾರದ ಹಾಗೆ, ಇದ್ದದ್ದು ಲಕ್ಷ್ಯಕ್ಕೇ ಬಾರದು. ಆ ದಿನ ಸಂಜೆ ಎದುರುಮನೆಯವಳು ಏನೋ ಚೇಷ್ಟೆ ಮಾಡಿದಳು. ಗೌರವ್ವನ ಕೈ ತಾನಾಗಿಯೇ ಸೆರಗನ್ನೆತ್ತಿ ಬಾಯಿಗೆ ಅಡ್ಡ ಹಿಡಿಯಿತು, ಹೆಗಲು ಮಾತ್ರ ಅಲ್ಲಾಡಿತು, ಸದ್ದೇ ಬರಲಿಲ್ಲ. ಬಳಿಗೆ ಹೋಗಿ ಸೆರಗು ಸರಿಸಿ ನೋಡಿದೆ. ಮೇಲಿನ ಮುಂದಿನ ಹಲ್ಲಿನ ಮೂಲೆ ಮುರಿದುಹೋಗಿತ್ತು. ಯಾವಾಗ ಆಯಿತು ಎಂದು ಕೇಳಿದರೆ, ಯುಗಾದಿಯ ಹೊತ್ತಿಗೆ ಎಂದಳು. ಅಂದರೆ ಎಂಟು ತಿಂಗಳು. ಎಂಟು ತಿಂಗಳು ನಾನು ನನ್ನ ಮೂರು ರಾಳಗಳನ್ನು ನಾಲಿಗೆಯಿಂದ ಸವರುತ್ತ ಅವಳ ಎದುರಿಗೇ ಕೂತಿದ್ದೆ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ಅದನ್ನು ಅವಳ ಮೇಲೆ ತೀರಿಸಿಕೊಂಡೆ. ಹೇಳಬಾರದಾ ಎಂದು ಗದರಿದೆ. "ನೀವು ನೋಡ್ತೀರಿ ಅಂತ ಸುಮ್ನಿದ್ದೆ," ಎಂದಳು.

ಆ ನಗೆ ತಿರುಗಿ ಬರಬೇಕು, ಅಷ್ಟೇ. ಅದು ಬಿಟ್ಟರೆ ನನಗೆ ಬೇರೇನೂ ಬೇಡವಾಗಿತ್ತು. ಮುಂದಿನ ಹಲ್ಲಿಗೆ ನುಣುಪೇ ಮುಖ್ಯ ಎಂದು ನನ್ನ ಪಾಂಡಿತ್ಯ ಹೇಳಿತು. ಜಮಖಂಡಿಗೆ ಕರೆದೊಯ್ದೆ.

ಅಲ್ಲಿ ಮೊದಲ ತಕರಾರು ಬಣ್ಣದ್ದು. ಡಾಕ್ಟರು ಹಲ್ಲಿನ ಸುತ್ತ ಹತ್ತಿ ಇಟ್ಟು, ಗಾಳಿ ಊದಿ ಒಣಗಿಸಿ, ಬಣ್ಣದ ಮಾದರಿಯ ಪಟ್ಟಿ ತೆಗೆದು ಹೋಲಿಸತೊಡಗಿದರು. ಗೌರವ್ವ ಬಾಯಲ್ಲಿನ ಹತ್ತಿ ತೆಗೆದಿಟ್ಟು ಎದ್ದು ಕೂತಳು. ಅವಳ ತವರಿನವರು ನೂಲಿಗೆ ಬಣ್ಣ ಹಾಕುವವರು. "ಯವ್ವಾ, ಹಸಿ ನೂಲಿನ ಬಣ್ಣ ಬ್ಯಾರೆ, ಒಣಾ ನೂಲಿನ ಬಣ್ಣ ಬ್ಯಾರೆ. ಬಾಯಾಗಿನ ಹಲ್ಲು ಯಾವಾಗ್ಲೂ ಹಸೀನ ಇರತೈತಿ. ಒಣಗಿಸಿ ಯಾಕ ನೋಡ್ತಿ? ಬಾಗಲದಾಗ ಬಿಸಲಿಗೆ ಬರತೇನಿ, ಅಲ್ಲಿ ನೋಡು." ಆ ಹುಡುಗಿ ನಕ್ಕು, ಈಗಾಗಲೇ ಒಣಗಿಸಿಬಿಟ್ಟೆ, ಇದೊಂದು ಸಲ ನಡೆಯಲಿ ಎಂದು ಪದರ ಪದರವಾಗಿ ತುಂಬಿ ಕಳಿಸಿದಳು. ಮರುದಿನ ಹಲ್ಲು ಪಸೆ ಹೀರಿಕೊಂಡು ತನ್ನ ಹಳದಿಗೆ ಮರಳಿತು, ತುಂಬಿದ ಮೂಲೆ ಮಾತ್ರ ಚುನಮುರಿಯ ಹಾಗೆ ಬೆಳ್ಳಗೆ ಉಳಿಯಿತು. ಆದರೂ ಸಹಿಸಿಕೊಂಡೆವು. ಒಂಬತ್ತನೆಯ ದಿನ ಅದು ಕಿತ್ತು ಬಂತು.

ಬಿದ್ದ ಚೂರನ್ನು ಕಾಗದದಲ್ಲಿ ಮಡಚಿಕೊಂಡು ಜಮಖಂಡಿಗೆ ಹೋದೆ, ಗೌರವ್ವನೂ ಜೊತೆಗಿದ್ದಳು. ಹೊರಗೆ ಐದಾರು ಜನ ಕೂತಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ, "ತಗೋರಿ, ನಿಮ್ಮ ಮಾಲು ವಾಪಸ್" ಎಂದು ಪುಡಿಕೆಯನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಮೂವತ್ತೆರಡು ವರ್ಷದ ಗತ್ತು ಒಂದೇ ಮಾತಿನಲ್ಲಿ ಬಂದಿತ್ತು. ಆ ಹೆಣ್ಣುಮಗಳ ಮುಖ ಕೆಂಪಗಾಯಿತು. ದನಿ ಏರಿಸದೆಯೇ ಕೇಳಿದಳು, "ಅಜ್ಜಾರ, ಇವರು ಆ ಹಲ್ಲಿಲೆ ಏನರ ಬಿರಸ ಕಡೀತಾರೇನ್ರಿ?" ಬಿರುಸೇ? ಒಂಬತ್ತು ದಿನ ಸಾರಿನಲ್ಲಿ ನೆನೆಸಿದ ರೊಟ್ಟಿ ಬಿಟ್ಟು ಬೇರೆ ಮುಟ್ಟಿಲ್ಲ ಎಂದು ನಾನೇ ಉತ್ತರ ಕೊಟ್ಟೆ. ಗೌರವ್ವ ನೆಲ ನೋಡುತ್ತಿದ್ದಳು. ನನ್ನ ಆರ್ಭಟಕ್ಕೆ ನಾಚಿಕೊಂಡಿದ್ದಾಳೆ ಎಂದುಕೊಂಡೆ, ಅದೂ ಖರೆ ಇದ್ದಿರಬೇಕು.

ಆಮೇಲೆ ಮುಧೋಳ. ಇವರು ಈ ಸಲ ಇನ್ನೂ ಒಂದು ಬಗೆ ತೆಗೆದರು, ಗಾಜಿನ ಕಣಗಳು ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆದವಂತೆ, ಹೊಳಪೂ ಹೆಚ್ಚು, ಬಲವೂ ಹೆಚ್ಚು. ಬರೀ ರಾಳಕ್ಕೆ ಬಲವಿಲ್ಲ, ಅದರೊಳಗಿನ ಗಾಜಿನ ಪುಡಿಯೇ ಬಲ ಎಂದು ತಿಳಿಸಿ ಹೇಳಿದರು. ಹಾಸಿನ ನೂಲಿಗೆ ಗಂಜಿ ಇದ್ದ ಹಾಗೆ ಎಂದು ನಾನೆಂದೆ. ಗೌರವ್ವ ಮೊದಲೇ ಹೋಗಿ ಕಿಟಕಿಯ ಬಳಿ ಬಾಯಿ ತೆರೆದು ನಿಂತಿದ್ದಳು, ಬಣ್ಣವೂ ಸರಿಯಾಗಿ ಕೂಡಿಬಂತು. ಮನೆಗೆ ಬಂದಮೇಲೆ ನಾನು ಕಾವಲು ಕೂತೆ. ಶೇಂಗಾ ಇಲ್ಲ, ಕಟಕ ರೊಟ್ಟಿ ಇಲ್ಲ. ಕಬ್ಬಿನ ಸುಗ್ಗಿ, ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಬಾಗಿಲ ಮುಂದೆಯೇ ಹಾಯುತ್ತಿದ್ದವು, ಒಂದು ಗಣಿಕೆ ಕಬ್ಬು ಒಳಗೆ ಬರಲು ಬಿಡಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ ಎನ್ನುವ ಗಾದೆಯನ್ನು ನಮ್ಮ ಮನೆಯಲ್ಲಿ ನಾನೇ ಜಾರಿಗೆ ತಂದೆ. ಇಷ್ಟಾದರೂ ಇಪ್ಪತ್ತಮೂರನೆಯ ದಿನ ಗೌರವ್ವ ಮಗ್ಗದ ಕೋಣೆಯಿಂದ ಹೊರಗೆ ಬಂದು, ಅಂಗೈ ಚಾಚಿದಳು. ಅಂಗೈಯಲ್ಲಿ ಗೋದಿನುಚ್ಚಿನಷ್ಟು ಬಿಳಿ ಚೂರು ಇತ್ತು.

ನನ್ನ ಸಿಟ್ಟನ್ನು ಏನೆಂದು ಹೇಳಲಿ. ರಾಳ ಕಂಡುಹಿಡಿದವನಿಂದ ಹಿಡಿದು ಅದನ್ನು ಮಾರುವವನ ತನಕ ಎಲ್ಲರನ್ನೂ ಬೈದೆ. ನಮ್ಮಜ್ಜಿ ಇದ್ದಿಲುಪುಡಿಯಲ್ಲಿ ಹಲ್ಲುಜ್ಜಿ ಎಂಬತ್ತು ವರ್ಷ ಶೇಂಗಾ ತಿಂದಳು ಎಂದೆ. ಅಜ್ಜಿ ಅರವತ್ತಕ್ಕೇ ಬೊಚ್ಚುಬಾಯಿಯಾಗಿದ್ದಳು ಎಂಬುದು ನನಗೂ ಗೊತ್ತು, ಗೌರವ್ವನಿಗೂ ಗೊತ್ತು, ಅವಳು ತಿರುಗಿ ಮಗ್ಗದ ಕಡೆ ಹೋದಳು. ಅದು ನನ್ನನ್ನು ಇನ್ನಷ್ಟು ರೇಗಿಸಿತು.

ಕೊನೆಗೆ ಊರಿನ ಡಾಕ್ಟರೇ ಗತಿಯಾದರು. ಇವರ ಮನೆಯೂ ನೇಕಾರರದೇ, ತಾಯಿ ಮಗ್ಗ ನೇಯ್ದು ಓದಿಸಿದರೆಂದು ಎಲ್ಲರಿಗೂ ಗೊತ್ತು. ನಾನು ಎರಡೂ ಊರಿನ ರಾಳಗಳ ಗುಣದೋಷಗಳನ್ನು ಆದಿಯಿಂದ ಹೇಳತೊಡಗಿದೆ. ಅವರು ಹೂಂ ಹೂಂ ಎನ್ನುತ್ತಲೇ ಬಿದ್ದ ಚೂರನ್ನು ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ತಿರುಗಿಸಿ ನೋಡಿದರು. ಅದರ ತುದಿಯಲ್ಲಿ ಕೂದಲಿನಷ್ಟು ಸಣ್ಣ ಗೀರು ಅಡ್ಡಲಾಗಿ ಬಿದ್ದಿತ್ತು. ನನಗೂ ತೋರಿಸಿದರು. ಆಮೇಲೆ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಕಾಕು, ಎಳಿ ಕಡ್ಯಾಕ ಮನ್ಯಾಗ ಕತ್ರಿ ಇಲ್ಲೇನ್ರಿ?"

ಗೌರವ್ವ ಕುರ್ಚಿಯ ಕೈ ಹಿಡಿದುಕೊಂಡಳು. "ಐತ್ರಿ," ಎಂದಳು. "ಕತ್ರಿಲೆ ಕಡದ್ರ ಬಾಲ ಉಳೀತೈತ್ರಿ ಡಾಕ್ಟ್ರ. ಕತ್ರಿ ಗಂಟಿನ ತನಕ ಹೋಗೂದುಲ್ಲ. ಹಲ್ಲಾದ್ರ ಬುಡಕ್ಕ ಹೋಗತೈತಿ. ಬಾಲ ಉಳದ್ರ ಸೀರಿ ವಾಪಸ್ ಬರತಿತ್ತು. ಕೈ ಹಂಗ ಕಲತ ಬಿಟ್ಟೈತ್ರಿ, ಈಗ ಬ್ಯಾಡಂದ್ರೂ ಬಾಯಿಗೇ ಹೋಗತೈತಿ."

ವಾಪಸು ಕಳಿಸುತ್ತಿದ್ದವರು ಯಾರು ಎಂದು ಡಾಕ್ಟರು ಕೇಳಲಿಲ್ಲ. ಅವರ ತಾಯಿಯ ಸೀರೆಗಳೂ ಅದೇ ಹೊಸ್ತಿಲಿಗೆ ಬಂದಂಥವು. ಗೌರವ್ವ ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಮದುವೆಮನೆಗಳಲ್ಲಿ ಪಂಡಿತನ ಹಾಗೆ ನೋಡಿದ್ದ ಅಷ್ಟೂ ಬಾಯಿಗಳು ಒಂದೊಂದಾಗಿ ನೆನಪಿಗೆ ಬಂದವು, ಆ ಅಕ್ಕಿಕಾಳಿನಷ್ಟು ಕಚ್ಚುಗಳು. ಕಬ್ಬಂತೆ, ಸಿಗಿಯುವುದಂತೆ. ಎಳ್ಳಿಗಿಂತ ಉದ್ದ ಇರಕೂಡದು ಎಂದು ನಾನು ಹೊಸ್ತಿಲಲ್ಲಿ ಕೂತು ಹೇಳುತ್ತಿದ್ದೆ, ಆ ಎಳ್ಳಿನ ಅಳತೆಗೆ ಕತ್ತರಿಸಿ ಕೊಡುತ್ತಿದ್ದ ಹತ್ಯಾರ ಯಾವುದೆಂದು ಒಂದು ದಿನವೂ ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಅಲ್ಲಿಯ ತನಕ ನನ್ನೆಲ್ಲ ಸಿಟ್ಟಿಗೂ ಬೇರೆಯವರು ಯಾರಾದರೂ ಸಿಗುತ್ತಿದ್ದರು, ಅಂದು ಯಾರೂ ಸಿಗಲಿಲ್ಲ.

ಯಾವ ರಾಳ ಹಾಕುತ್ತೀರಿ ಎಂದು ಕೇಳುವ ಧೈರ್ಯ ಉಳಿದಿರಲಿಲ್ಲ, ಆದರೂ ನಾಲಿಗೆ ಕೇಳಿತು. ಡಾಕ್ಟರು, "ಮುಧೋಳದವರು ಹಾಕಿದ್ದನ್ನ ಹಾಕತೇನಿ ಕಾಕಾ. ಜಮಖಂಡಿಯವರದೂ ಕಡಿಮಿ ಇದ್ದಿಲ್ಲ. ಯಾವ ರೆಸಿನ್ನೂ ನೂಲು ತಡ್ಯೂದುಲ್ಲ. ಸ್ವಂತ ಹಲ್ಲ ತಡೀಲಿಲ್ಲ, ಇದು ತಡೀತೈತೇನು?" ಎಂದು ಹೇಳಿ, ಗೌರವ್ವನನ್ನು ಬಾಗಿಲ ಬೆಳಕಿಗೆ ಕರೆದೊಯ್ದು ಬಣ್ಣ ನೋಡಿದರು. ನಾನು ಬೆಂಚಿನ ಮೇಲೆಯೇ ಕೂತಿದ್ದೆ.

ಜಮಖಂಡಿಗೂ ಒಂದು ಸಲ ಹೋಗಿಬಂದೆ, ಹಲ್ಲು ಸ್ವಚ್ಛ ಮಾಡಿಸುವ ನೆಪ ಇಟ್ಟುಕೊಂಡು. ತಪ್ಪಾಯಿತು ತಾಯಿ ಎಂದು ಹೇಳಬೇಕು ಅಂತ ಬಸ್ಸಿನಲ್ಲಿ ಮೂರು ಸಲ ರೂಢಿ ಮಾಡಿಕೊಂಡಿದ್ದೆ. ಕುರ್ಚಿಯಲ್ಲಿ ಕೂತು, "ಅವತ್ತ ನಾ ಏನಂದ್ನೆಲ್ಲ..." ಎಂದು ಸುರು ಮಾಡಿದೆ. "ಬಾಯಿ ತೆರೀರಿ ಅಜ್ಜಾರ," ಎಂದಳು. ಬಾಯಿ ತೆರೆದು ಕ್ಷಮೆ ಕೇಳುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ಅವಳು ಅರ್ಧ ತಾಸು ಉಜ್ಜಿದಳು, ಆಮೇಲೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಕೇಳಿ, "ನಂಗ ಹೇಳಿದ್ರ ನಾನರ ಕಲೀತಿದ್ದೆ," ಎಂದಳು. ಆ ಮಾತಿನಲ್ಲಿ ಸಿಟ್ಟು ಇದ್ದಿದ್ದರೆ ಸಹಿಸಬಹುದಿತ್ತು.

ಮನೆಯಲ್ಲಿ ಈಗ ಎರಡೂ ಮಗ್ಗಕ್ಕೆ ಒಂದೊಂದು ಚಿಕ್ಕ ಕತ್ತರಿಯನ್ನು ಕೆಂಪು ಲಾಡಿಯಿಂದ ಕಟ್ಟಿ ತೂಗುಬಿಟ್ಟಿದ್ದೇನೆ. ಎಳೆ ಹರಿದಾಗ ಗೌರವ್ವ ಗಂಟು ಹಾಕುತ್ತಾಳೆ, ಕೈ ಬಾಯಿಯ ತನಕ ಹೋಗುತ್ತದೆ, ಅರ್ಧದಲ್ಲಿ ನೆನಪಾಗಿ ಕತ್ತರಿ ಹುಡುಕುತ್ತದೆ. ಬಾಲ ಎಳ್ಳಿಗಿಂತ ಉದ್ದ ಉಳಿಯುತ್ತದೆ. ಹೀಗೆ ಬಾಲ ಉಳಿದ ಮೊದಲ ಸೀರೆಗಳು ಅಂಗಡಿಗೆ ಹೋದವು, ಹೋದ ಹಾಗೆಯೇ ವಾಪಸು ಬಂದವು. ನನ್ನ ಜಾಗದಲ್ಲಿ ಈಗ ಕೂರುವವನು ಬಸವರಾಜ, ನಲವತ್ತು ದಾಟಿದವನು, ಅವನ ತಾಯಿಯೂ ಮಗ್ಗ ನೇಯುವವಳೇ, ಅವನಿಗೆ ಕೆಲಸ ಕಲಿಸಿದವನು ನಾನೇ. ಅವನ ಹತ್ತಿರ ಹೋದೆ. ಬಾಲ ಜೋಳದ ಕಾಳಿನಷ್ಟು ಇದ್ದರೆ ಏನಾಗುತ್ತದೆ, ಉಡುವವರ ಮೈಗೆ ಚುಚ್ಚುತ್ತದೆಯೇ ಎಂದು ಕೇಳಿದೆ. ಅವನು ವಿನಯದಿಂದ ನನ್ನ ಮಾತನ್ನೇ ನನಗೆ ಒಪ್ಪಿಸಿದ. "ನೀವ ಹೇಳಿದ್ದಲ್ರಿ ಸರ, ಒಂದು ಬಾಲ ಬಿಟ್ರ ಹತ್ತ ಬಾಲ ಬರತಾವ ಅಂತ." ಇಷ್ಟು ಒಳ್ಳೆಯ ಶಿಷ್ಯನನ್ನು ತಯಾರು ಮಾಡಿದ್ದಕ್ಕೆ ಹಣೆ ಚಚ್ಚಿಕೊಳ್ಳುವಂತಾಯಿತು. ವಾದ ಮಾಡಲಿಲ್ಲ. ಸಂಜೆ ಮನೆಗೆ ಹೋದಾಗ ನಿಮ್ಮವ್ವನ ಮುಂದಿನ ಹಲ್ಲು ಒಂದು ಸಲ ನೋಡು ಎಂದು ಹೇಳಿ ಬಂದೆ.

ನೋಡಿದನೋ ಇಲ್ಲವೋ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಮುಂದಿನ ವಾರ ಗೌರವ್ವನ ಸೀರೆಗಳು ವಾಪಸು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಓಣಿಯ ಉಳಿದ ಹೆಂಗಸರೂ ಬಂದು ನಮ್ಮ ಮಗ್ಗಕ್ಕೆ ತೂಗುಬಿಟ್ಟ ಕತ್ತರಿಯನ್ನು ನೋಡಿಕೊಂಡು ಹೋದರು.

ಮೊನ್ನೆ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಬಸವರಾಜನ ಕಥೆಯನ್ನು, ಅವನು ನನ್ನ ಮಾತನ್ನು ನನಗೇ ಒಪ್ಪಿಸಿದ ಧಾಟಿಯಲ್ಲೇ, ಗೌರವ್ವನಿಗೆ ಇನ್ನೊಮ್ಮೆ ಹೇಳಿದೆ. ಅವಳು ನಕ್ಕಳು. ಸೆರಗು ಹೆಗಲ ಮೇಲೆಯೇ ಇತ್ತು. ಒಳಗೆ ಎರಡೂ ಮಗ್ಗ ಬಡಿಯುತ್ತಿದ್ದವು, ಅವುಗಳ ಮೇಲೆ ಆ ನಗೆ ಕೇಳಿಸಿತು, ಎದುರುಮನೆಯವಳು ಏನಾಯಿತೆಂದು ಬಾಗಿಲಿಗೆ ಬಂದು ನಿಂತಳು.

ಬೆಳಗಿನ ಬಿಸಿಲು ನೇರವಾಗಿ ಅವಳ ಮುಖದ ಮೇಲಿತ್ತು. ಹಾಳು ಕಣ್ಣು, ಅದಕ್ಕೆ ಕಾಣದೆ ಇರುತ್ತದೆಯೇ? ತುಂಬಿದ ಮೂಲೆ ಉಳಿದ ಹಲ್ಲಿಗಿಂತ ಅರ್ಧ ಎಳೆಯಷ್ಟು ಬೆಳ್ಳಗಿತ್ತು, ರಾಳ ಹಲ್ಲಿಗೆ ಕೂಡುವಲ್ಲಿ ತೆಳ್ಳಗೊಂದು ಗೆರೆಯೂ ಇತ್ತು. ಮಾತು ಬಾಯಿಯ ತನಕ ಬಂತು. ನಾನು ಚಹಾದ ಕಪ್ಪು ಎತ್ತಿಕೊಂಡೆ.

"ಕಂಡತಲ್ಲ ನಿಮಗ," ಎಂದಳು ಗೌರವ್ವ. "ನನಗೂ ಕನ್ನಡ್ಯಾಗ ಕಂಡೈತಿ. ಇರಲಿ ಬಿಡ್ರಿ."

ಏನು ಕಂಡಿತು ಎಂದು ನಾನು ಕೇಳಿದೆ. ಅದಕ್ಕೂ ಅವಳು ನಕ್ಕಳು.